ಎತಿಯೆನ್‌ನ ಕಿರೀಟ

ಅಬುಧಾಬಿಯ ರಂಗಮಂದಿರದ ಮೇಕಪ್ ಕೋಣೆಯಲ್ಲಿ ಡಾಕ್ಟರ್ ದಾನೇಶ್ವರಿ ಫ್ರೆಂಚ್ ನಟ ಎತಿಯೆನ್‌ನ ಎದುರು ಕೂತು, "ಒಮ್ಮೆ ನಗಿ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಜೀವಮಾನವಿಡೀ ನಾಟಕ, ಸಿನಿಮಾಗಳಲ್ಲಿ ಜನರನ್ನು ನಗಿಸಿ ಅಳಿಸಿದ್ದ ಮುದುಕ ನಕ್ಕ. ತುಟಿಯ ಎಡಭಾಗ ಮೇಲೇಳಲೇ ಇಲ್ಲ.

"ಡಾಕ್ಟರ್, ಮಂದಿ ತುಂಬ್ಯಾರ. ಪರದೆ ಏಳಸೂಣೇನ್ರಿ?" ಬಾಗಿಲಲ್ಲಿ ಮ್ಯಾನೇಜರ್ ಸಂಗಪ್ಪ ಕೇಳಿದ.

"ಬ್ಯಾಡ್ರಿ. ಇವರಿಗೆ ಲಕ್ವಾ ಹೊಡದೈತಿ. ಲಗೂನ ಆಂಬ್ಯುಲೆನ್ಸ್ ಕರಸ್ರಿ."

ಕನ್ನಡ ತಿಳಿಯದ ಎತಿಯೆನ್‌ಗೆ ಆ ದನಿಯೇ ಸಾಕಾಯಿತು. ಬಲಗೈಯಿಂದ ಅವಳ ಮುಂಗೈ ಹಿಡಿದು ಇಂಗ್ಲಿಷಿನಲ್ಲಿ ತೊದಲಿದ: "ಒಂದೇ ದೃಶ್ಯ ಆಡಲು ಬಿಡು, ತಾಯಿ. ಸತ್ತರೆ ಅಲ್ಲೇ ಸಾಯುತ್ತೇನೆ."

ಹೊರಗೆ ಚಪ್ಪಾಳೆ ಶುರುವಾಯಿತು. ದಾನೇಶ್ವರಿಯ ಕಣ್ಣು ತುಂಬಿ ಬಂತು. ಆದರೂ ಅವನ ತಲೆಯ ಮೇಲಿದ್ದ ರಾಜನ ಕಿರೀಟಕ್ಕೆ ಇನ್ನೊಂದು ಕೈ ಹಾಕಿದಳು. ತಡೆಯಲೆಂದು ಅವನು ಎಡಗೈ ಎತ್ತಹೋದ. ಅದು ತೊಡೆಯ ಮೇಲಿಂದ ಅಲುಗಲಿಲ್ಲ. ಆ ಕೈಯನ್ನೇ ನೋಡುತ್ತ ಎತಿಯೆನ್ ಅವಳ ಮುಂಗೈ ಬಿಟ್ಟ.