ಕಾಗೆಯ ಅಳತೆ

ಬಿಸಿಲಿಗೆ ಹೆದರಿ ಜನ ನೆಲದಡಿಗೆ ಇಳಿದು ನಲವತ್ತು ವರ್ಷವಾಗಿತ್ತು. ಅಂಗನವಾಡಿ ಟೀಚರು ಮೇಲಿನ ಲೋಕದ ಚಿತ್ರ ತೋರಿಸಿ ಕಲಿಸಿದ್ದನ್ನು ಮುದ್ದಕ್ಕ ಸಂಜೆ ಮನೆಯಲ್ಲಿ ಉಪ್ಪುಖಾರ ಹಚ್ಚಿ ಮೊಮ್ಮಗಳಿಗೆ ಮತ್ತೆ ಕಲಿಸುತ್ತಿದ್ದಳು. ಮಕ್ಕಳನ್ನು ವರ್ಷಕ್ಕೊಮ್ಮೆ ಆಕಾಶ ನೋಡಲು ಮೇಲೆ ಕರೆದೊಯ್ಯುವ ದಿನ ಬಂತು. ನಾಲ್ಕು ವರ್ಷದ ಚರಿತಾ ಚಪ್ಪಲಿ ಒದ್ದು ಕೂತುಬಿಟ್ಟಳು.

"ನಾ ಹೋಗಲ್ಲಜ್ಜಿ. ಕಾಗೆ ಲಿಫ್ಟಿನ ಬಾಗಿಲಷ್ಟು ಇರ್ತದೆ, ಮಕ್ಕಳ ಜುಟ್ಟು ಹಿಡ್ಕೊಂಡು ಹಾರೋಗ್ತದೆ ಅಂದಿದ್ದೆ ನೀನು."

ಇವತ್ತು ತಪ್ಪಿದರೆ ಮಗು ಆಕಾಶ ಕಾಣಲು ಇನ್ನೊಂದು ವರ್ಷ ಕಾಯಬೇಕು. ಮುದ್ದಕ್ಕ ಜೀವಮಾನದಲ್ಲೇ ಮೊದಲ ಸಲ ತಾನು ಏರಿಸಿ ಹೇಳಿದ್ದನ್ನು ತಾನೇ ಇಳಿಸಿದಳು.

"ಒಂದು ಮೊಳ ಅಷ್ಟೇ ಕಣೆ," ಎಂದು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದಳು. "ನಿನ್ನ ಗಂಟಲು ಕೇಳಿದ್ರೆ ಅದೇ ಊರು ಬಿಡ್ತದೆ."

"ಹಂಗಾದ್ರೆ ನೀ ಹೇಳೋದೆಲ್ಲ ಸುಳ್ಳಾ?"

"ಸುಳ್ಳಲ್ಲ, ಸ್ವಲ್ಪ ಉಬ್ಬಿಸ್ತೀನಿ."

ಚರಿತಾ ಅಜ್ಜಿಯ ಮುಖವನ್ನೇ ನೋಡಿದಳು. "ನಾ ಹುಟ್ಟಿದಾಗ ಲಿಫ್ಟ್ ಕೆಟ್ಟಿತ್ತು, ತಾತ ಮೂವತ್ತು ಅಂತಸ್ತು ಮೆಟ್ಟಿಲು ಓಡ್ಕೊಂಡು ಬಂದ್ರು ಅಂದಿದ್ದು?"

ಮುದ್ದಕ್ಕ ಕೆಳಗೆ ಬಿದ್ದಿದ್ದ ಚಪ್ಪಲಿಯ ಧೂಳು ಒರೆಸಿದಳು.

"ಅದನ್ನ ಮಾತ್ರ ಕಮ್ಮಿ ಮಾಡಿ ಹೇಳಿದ್ದೆ. ದಾರಿಯುದ್ದಕ್ಕೂ ಖುಷಿಗೆ ಅಳ್ತಾ ಓಡಿ ಬಂದ್ರು ಕಣೆ."

ಚರಿತಾ ಕಾಲು ಮುಂದೆ ಚಾಚಿದಳು.