ಸೆವ್ರಿನ್‌ಗೆ ಕಳಿಸಿದ ಬ್ಲಾಗ್

ಕ್ಯಾಥೊಲಿಕ್ ಬ್ಲಾಗ್ ಓದಿದವರು ಅದರ ಬೋಧನೆಯನ್ನು ನಲವತ್ತು ದಿನ ಮೀರಲಾರರು. ಇದು ಗೊತ್ತಿದ್ದೇ ನಮ್ಮ ಓದುಗರ ಗುಂಪಿನ ಸೆವ್ರಿನ್ ಹೋದ ವರ್ಷ, "ಚಂದ ಉಂಟು, ಓದು ಮಾರಾಯ್ತಿ" ಎಂದು ನನಗೆ ಮೌನವ್ರತದ ಬ್ಲಾಗ್ ಕಳಿಸಿದ್ದಳು. ನನ್ನ ಮಗಳ ಮದುವೆಯ ಮುನ್ನಾದಿನ, ರೋಸಿನ ಶಾಸ್ತ್ರದಲ್ಲಿ ಅವಳಿಗೆ ತೆಂಗಿನ ಹಾಲು ಹಚ್ಚುವಾಗ ನನ್ನಿಂದ ಆಶೀರ್ವಾದದ ಒಂದು ಮಾತೂ ಹೊರಡಲಿಲ್ಲ.

ಇವತ್ತು ಸೆವ್ರಿನ್‌ಳ ಮಗನ ಮದುವೆ. 'ವರನ ತಾಯಂದಿರಿಗೆ' ಎಂಬ ಬ್ಲಾಗನ್ನು ಬೆಳಿಗ್ಗೆ ನಾನೇ ಕಳಿಸಿದೆ. ಹಿಗ್ಗಿ ಓದಿದಳು. ಅದರ ಬೋಧನೆ ಒಂದೇ: ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಬೇಕು.

ಊಟದ ಹೊತ್ತಿಗೆ ವಧುವಿನ ತಾಯಿ ಅವಳನ್ನು ಕೇಳಿದರು, "ನಮ್ಮ ಹುಡುಗಿ ನಿಮಗೆ ಇಷ್ಟ ಆದಳಲ್ಲ?"

ಆ ಹುಡುಗಿಯನ್ನು ಸೆವ್ರಿನ್ ಎಷ್ಟು ಆಡಿಕೊಂಡಿದ್ದಾಳೆಂದು ನನಗೆ ಗೊತ್ತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಅವಸರವಾಗಿ ನನಗೊಂದು ಬ್ಲಾಗ್ ಕಳಿಸಿದಳು: 'ಕ್ಷಮಿಸಿಬಿಡಿ'.

"ನಾಳೆ ಓದ್ತೇನೆ, ಆಯ್ತಾ?" ಎಂದು ಫೋನನ್ನು ಚೀಲಕ್ಕೆ ಹಾಕಿ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.