ಕೊನೆಯ ದೃಶ್ಯದ ಅಪ್ಪ

"ಅಲ್ಲಾಡಬೇಡಿ ಅಣ್ಣಾ, ಮೀಸೆ ಕಿವಿಗೆ ಅಂಟಿಕೊಳ್ಳುತ್ತೆ!" ಎಂದು ಮೇಕಪ್ಪಿನಾಕೆ ಗದರಿದಳು. ನಟ ಸುಮ್ಮನಿದ್ದರೆ ತಾನೇ? ಪಕ್ಕದ ಪರದೆಯ ಸಂದಿಯಿಂದ ಸಭೆಯತ್ತ ಇಣುಕಿ ಇಣುಕಿ ನೋಡುತ್ತಿದ್ದ.

"ಅತ್ತಿಗೆ ಇದ್ದಾರಾ?"

"ಇದ್ದಾಳೆ. ಆದ್ರೆ ಈಗ ತಾನೇ ಗಡಿಯಾರ ನೋಡ್ಕೊಂಡ್ಳು ಕಣಮ್ಮಾ."

ಅವನ ಹೆದರಿಕೆ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಅವನದು ಕೊನೆಯ ದೃಶ್ಯದಲ್ಲಿ ಬರುವ ಅಪ್ಪನ ಪಾತ್ರ. ಮಗಳನ್ನು ಹುಡುಕಿಕೊಂಡು ಬಂದು ಒಂದು ಉದ್ದನೆಯ ಮಾತಾಡಬೇಕು, ಪರದೆ ಬೀಳಬೇಕು, ಅಷ್ಟೆ. ಹಳೆಯ ರಂಗಮಂದಿರವೋ ಊರಾಚೆ, ಗೋದಾಮುಗಳ ಹಿಂದೆ. ಅಪ್ಪ ಬರುವ ಹೊತ್ತಿಗೂ ಕೊನೆಯ ಬಸ್ಸು ಹೊರಡುವ ಹೊತ್ತಿಗೂ ಸರಿಹೋಗುತ್ತಿತ್ತು. ಇವನು ಬಾಯಿ ತೆರೆದನೋ ಇಲ್ಲವೋ, ಜನ ಬಾಗಿಲಿನತ್ತ ದೌಡು. ಪಾಪ, ಅವರದೇನು ತಪ್ಪು? ಇವನ ಹೆಂಡತಿಯೂ ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅದೇ ಬಸ್ಸಿಗೆ ಓಡುತ್ತಿದ್ದಳು. ಹೋಗುವವರು ಒಂದೆರಡು ಮಾತಾದರೂ ಕೇಳಿಸಿಕೊಳ್ಳಲಿ ಎಂದು ಇವನು ಉಸಿರು ಬಿಡದೆ ಒದರಿಬಿಡುತ್ತಿದ್ದ. ತಂಡದವರು 'ಎಕ್ಸ್‌ಪ್ರೆಸ್ ಅಪ್ಪ' ಎಂದು ಹೆಸರಿಟ್ಟರು. ಎಲ್ಲರ ಜೊತೆ ತಾನೂ ನಗುತ್ತಿದ್ದ. ಆ ಮಗು ಕಾಲೇಜು ಸೇರಿದರೂ ಹೆಂಡತಿ ಅಪ್ಪನ ಮಾತು ಕೇಳಿರಲಿಲ್ಲ. "ನಿಮ್ಮ ನಾಟಕದಲ್ಲಿ ನಿಮ್ಮೊಬ್ಬರನ್ನ ಬಿಟ್ಟು ಎಲ್ಲರನ್ನೂ ನೋಡಿದ್ದೀನಿ ಕಣ್ರೀ," ಎಂದು ಅವಳು ಹಂಗಿಸುವುದಿತ್ತು.

ಈಗ ರಂಗಮಂದಿರ ಮೆಟ್ರೋ ನಿಲ್ದಾಣದ ಪಕ್ಕಕ್ಕೇ ಬಂದಿದೆ. ಮೆಟ್ಟಿಲಿಳಿದರೆ ರೈಲು. ನಾಟಕ ಮುಗಿದು, ಕಾಫಿ ಕುಡಿದು ಹೋದರೂ ರೈಲು ಸಿಗುತ್ತದೆ. ಇವತ್ತು ಇಲ್ಲಿ ಮೊದಲ ಆಟ.

"ಇಲ್ಲಿ ಜಾಗ ಮಾಡಿಸಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ," ಎಂದಳು ಮೇಕಪ್ಪಿನಾಕೆ. "ಒಬ್ಬರೂ ಏಳಲ್ಲ, ನೋಡ್ತಿರಿ. ಹೋಗಿ, ನಿಮ್ಮ ಸೀನು ಬಂತು."

ಹೋದ. ತುಂಬಿದ ಸಭೆ; ಒಬ್ಬರೂ ಮಿಸುಕಲಿಲ್ಲ. ಅಷ್ಟು ಮುಖಗಳನ್ನು ಒಟ್ಟಿಗೆ ನೋಡಿ ಅವನ ಕಣ್ಣು ತುಂಬಿ ಬಂತು. ಆದರೆ ನಾಲಿಗೆ ಕೇಳಬೇಕಲ್ಲ! ಬಾಯಿ ತೆರೆದದ್ದೇ ತಡ, ಹಳೆಯ ಅಭ್ಯಾಸ, ಮಾತು ಬಾಣಲೆಯ ಸಾಸಿವೆಯ ಹಾಗೆ ಸಿಡಿಯತೊಡಗಿತು. ನಿಲ್ಲಿಸಬೇಕೆಂದರೂ ನಿಲ್ಲದು. ಕೇಳುತ್ತಿದ್ದವರಿಗೆ ಒಂದಕ್ಷರ ತಿಳಿಯಲಿಲ್ಲ.

ಅಷ್ಟರಲ್ಲಿ ಹೆಂಡತಿ ಎದ್ದು ನಿಂತಳು. ಇವತ್ತೂ ಹೊರಟಳು ಅಂದುಕೊಂಡ. ಮಾತು ಅಲ್ಲೇ ಕಡಿದುಹೋಯಿತು.

"ರೀ, ಯಾಕ್ರೀ ಹಾಗೆ ಓಡ್ತಿದ್ದೀರಿ?" ಎಂದಳು. "ನಿಧಾನವಾಗಿ ಹೇಳಿ. ಇವತ್ತು ಕೇಳಿಯೇ ಹೋಗೋದು ಅಂತ ಬಂದಿದ್ದೀನಿ."

"ನಾವೂ ಅಷ್ಟೇ, ಮೊದಲಿಂದ ಹೇಳಿ ಯಜಮಾನ್ರೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಳು.

ನಗು ಇಳಿದ ಮೇಲೆ ಅವನು, ಮಗಳ ಪಾತ್ರದವಳಿಗೆ ಹೇಳಬೇಕಾದ ಮೊದಲ ಮಾತನ್ನು ಸಭೆಯ ಕಡೆಗೇ ತಿರುಗಿ, ಒಂದೊಂದೇ ಪದ ಬಿಡಿಸಿ ಹೇಳಿದ.

"ನಾನು ಬರೋದು ತುಂಬಾ ತಡವಾಯ್ತು. ಆದರೂ... ಕಾದಿದ್ದೀಯಲ್ಲ, ತಾಯಿ."